ಹತ್ತುಮೀನು: ನಡಾವಳಿಗೆ ಸೇರದ್ದು

ಹನ್ನೊಂದಕ್ಕೆ ಕರೆದ ಸಭೆಗೆ
ಹನ್ನೆರಡೂವರೆಗೆ ಕೋರಂ ಆಯಿತು.
ವಿಷಯ ಸಂಖ್ಯೆ ನಾಲ್ಕು: ಮಳೆಗಾಲದ ಮೀನು ಶಿಕಾರಿ, ನಿಷೇಧದ ತಾರೀಖು.
ಕಾರ್ಯದರ್ಶಿ ರಜೆ. ನಾನು ಬಿಲ್ ಕಲೆಕ್ಟರ್,
ಪೆನ್ನು ನನ್ನ ಕೈಗೆ ಬಂತು.

ಸಕಲೇಶಪುರದ ಆಫೀಸಿಂದ ಬಂದ ವಿದ್ಯುಲ್ಲತಾ ಮೇಡಂ
ಕೋಲಾರದ ಕಡೆಯವರು, ಕೆರೆಯ ಮೀನು ಬಲ್ಲವರು.
"ಜೂನ್ ಒಂದರಿಂದ ಜುಲೈ ಮೂವತ್ತೊಂದು"
ಓದಿದರು, ಕೂತರು.

ಹಿರಿಗಯ್ಯ ಎದ್ದ. ಟವೆಲ್ಲು ಹೆಗಲಿಂದ ಹೆಗಲಿಗೆ ಹೋಯಿತು.
"ಒಂದನೇ ತಾರೀಖು ಬರೋದು ಸಂಬಳ ಮೇಡಂ, ಮೀನಲ್ಲ.
ಮೃಗಶಿರ ಹುಟ್ಟಿ ಮೂರನೇ ರಾತ್ರಿ, ಗುಡುಗು ನಿಂತ ಮೇಲೆ,
ಹೊಸನೀರು ಕೆಂಪಗೆ ಇಳಿಯುವಾಗ
ಹಳ್ಳದ ಬಾಯಲ್ಲಿ ಬಂದು ನಿಂತಿರ್ತದೆ,
ತವರಿನ ಹೊಸಿಲಲ್ಲಿ ಬಸುರಿ ನಿಂತ ಹಾಗೆ."

"ಈ ಸಲ ಕೃತ್ತಿಕೆಯಲ್ಲೇ ಹತ್ತಿತಲ್ಲ" ಎಂದ
ಹಿಂದಿನ ಬೆಂಚಿನ ಸುಂದ್ರೇಶ.
"ಅದು ನಿನಗೆ ಹೇಗೆ ಗೊತ್ತು?"
ಸುಂದ್ರೇಶ ಕೂತ.

ಇದಿನಬ್ಬನದು ಬೇರೆಯೇ ತಕರಾರು:
ಹಿನ್ನೀರಿನಲ್ಲಿ ಟೆಂಡರ್ ಹಿಡಿದವನ ಬಲೆಯ ಕಣ್ಣು
ಎಷ್ಟು ಸಣ್ಣದೆಂದು ಯಾರಾದರೂ ಅಳೆದಿದ್ದೀರಾ?
"ಅದು ಬೇರೆ ಕಡತ" ಎಂದರು ಮೇಡಂ.
ನಾನು ಬರೆದೆ: ಅದು ಬೇರೆ ಕಡತ.

ಆಮೇಲೆ ಅವರು ಊರಿನ ಅರ್ಜಿ ಎತ್ತಿ ಹಿಡಿದು ಕೇಳಿದರು,
"ಹತ್ತು ಮೀನು ಹಿಡಿಯಲು ಬಿಡಿ ಅಂತ ನೀವೇ ಬರೆದಿದ್ದೀರಿ.
ಒಬ್ಬರಿಗೆ ಹತ್ತೋ, ಮನೆಗೆ ಹತ್ತೋ?
ಹನ್ನೊಂದನೆಯದು ಬಿದ್ದರೆ ಎಣಿಸುವವರು ಯಾರು?"
ಸಭೆ ಬಿದ್ದು ಬಿದ್ದು ನಕ್ಕಿತು.
ಅರ್ಜಿ ಬರೆದವನು ನಾನು. ಮುಖ ಬಿಸಿಯಾಯಿತು.
ಹತ್ತುವ ಮೀನು ಮೇಡಂ, ಎದುರು ನೀರು ಹತ್ತುವ ಮೀನು.
ಹತ್ತಕ್ಕೂ ಮೀನಿಗೂ ನಡುವೆ ಕೈತಪ್ಪಿ ಬಿಟ್ಟ ಜಾಗದಲ್ಲಿ
ಕಾನೂನು ಬಂದು ಕಾಲು ಮಡಚಿ ಕೂತಿತ್ತು.

ನಗು ನಿಲ್ಲುವ ಮೊದಲೇ ಕಿಟಕಿಯ ಬಳಿಯಿಂದ ಬೆಳ್ಳಿಯಮ್ಮ:
"ತಾರೀಖು ಆಮೇಲೆ ಮಾಡಿ. ಹತ್ತೋದು ಎಲ್ಲಿಗೆ?
ನಮ್ಮ ಕೆಳಗದ್ದೆಗೆ ಬರ್ತಿದ್ವು. ಬೆಳಗಾದರೆ
ಬದುವಿನ ಹುಲ್ಲಲ್ಲಿ ಮೊಟ್ಟೆ, ರಾಗಿ ಚೆಲ್ಲಿದ ಹಾಗೆ.
ಈಗ ಅಲ್ಲಿ ಶುಂಠಿ ಪಾತಿ.
ಔಷಧಿ ಹೊಡೆದ ನೀರು ಹಳ್ಳಕ್ಕೇ ಇಳೀತದೆ.
ಹತ್ತಿದ್ದನ್ನ ಕಡಿಯೋದು ನಾವೇ,
ಹತ್ತದ ಹಾಗೆ ಮಾಡಿದ್ದು ಯಾರು?"

ಗದ್ದೆಯನ್ನು ಶುಂಠಿ ಗುತ್ತಿಗೆಗೆ ಕೊಟ್ಟವರು
ಅಧ್ಯಕ್ಷರೂ ಸೇರಿ ಒಂಬತ್ತು ಮಂದಿ ಅಲ್ಲಿದ್ದರು.
ಫ್ಯಾನು ಕಿರುಗುಟ್ಟಿತು. ಟೀ ಬಂತು.
ತೀರ್ಮಾನ: ಮುಂದೂಡಲಾಗಿದೆ.
ಮುಂದಿನ ಸಭೆ, ಆಗಸ್ಟ್ ಆರು.

ಅದೇ ರಾತ್ರಿ ಮಳೆ.
ಮೋರಿಯ ಹತ್ತಿರ ಏಳೆಂಟು ಬ್ಯಾಟರಿ.
ಬೇರೆಯವರು ಹಿಡಿಯದಂತೆ ನೋಡಿಕೊಳ್ಳಲು
ಬಂದವರೇ ಎಲ್ಲರೂ. ಸುಂದ್ರೇಶನ ಬೆನ್ನ ಹಿಂದೆ ಕತ್ತಿ.
ನಾನು ಅಪ್ಪನ ಕೂಣಿ ಒಯ್ದಿದ್ದೆ, ಗೋಣಿಯಲ್ಲಿ ಸುತ್ತಿ.
ಒಡ್ಡಲಿಲ್ಲ. ಅದನ್ನು ಒಳ್ಳೆಯತನವೆಂದು ತಿಳಿಯಬೇಡಿ,
ಒಡ್ಡಲು ಏನೂ ಬರಲಿಲ್ಲ.

ಹನ್ನೆರಡರ ಮೇಲೆ ಒಂದು ಔಲು ಬಂತು.
ಅಷ್ಟೂ ಬೆಳಕಿಗೆ ಬೆದರದೆ ಮೋರಿಯ ತುಟಿಯಲ್ಲಿ ನಿಂತು
ಬಾಯಿ ತೆರೆದು ಮುಚ್ಚಿತು, ತೆರೆದು ಮುಚ್ಚಿತು.
ಮೇಲಿಂದ ಇಳಿಯುವ ನೀರು ಅದರ ಮೈಮೇಲೆ ಹರಿದುಹೋಯಿತು.
ಆಮೇಲೆ ತಲೆ ತಿರುಗಿಸದೆ, ಹಿಂದಕ್ಕೆ ಹಿಂದಕ್ಕೆ
ಜಾರಿಹೋಯಿತು ಕತ್ತಲಿಗೆ.
"ರುಚಿ ನೋಡಿತು" ಎಂದ ಹಿರಿಗಯ್ಯ.
ಕತ್ತಿ ಎತ್ತಲು ಮರೆತ ಸುಂದ್ರೇಶ ಬೀಡಿ ಹುಡುಕುತ್ತಿದ್ದ.

ಬೆಳಿಗ್ಗೆ ನಡಾವಳಿಯ ಶುದ್ಧಪ್ರತಿ ಮಾಡುವಾಗ
ಹತ್ತು ಎಂದು ಬರೆದು ಪೆನ್ನು ಎತ್ತಿದೆ.
ಕೂಡಿಸಲೋ, ಬಿಡಿಸಲೋ.
ಒಂದು ಎಂದು ತಿದ್ದುವ ಮನಸ್ಸಾಯಿತು.
ಅಷ್ಟರಲ್ಲಿ ಬೆಳ್ಳಿಯಮ್ಮ ಬಂದಳು,
ಸೆರಗಿನ ಗಂಟು ಬಿಚ್ಚುತ್ತ,
ನೀರಿನ ಕಂದಾಯ ಕಟ್ಟಲು.