ನಲವತ್ತೊಂದನೆಯ ಹಾಳೆ

ಪಠ್ಯಪುಸ್ತಕಕ್ಕೆಂದು ಬಿಡಿಸುವ ನಾಯಿಗೆ
ಬಾಲ ನೆಟ್ಟಗಿರಬೇಕು, ನಾಲಗೆ ಗುಲಾಬಿ,
ನಾಲ್ಕು ಕಾಲೂ ಎದ್ದು ಕಾಣಬೇಕು:
ಸಂಪಾದಕರ ಪತ್ರದಲ್ಲಿ ಹಾಗೇ ಇದೆ.
ವಾಲ್ಪರೈಸೊದ ನಾಯಿಗಳಿಗೆ ಆ ಪತ್ರ ತಲುಪಿಲ್ಲ.
ಮೆಟ್ಟಿಲಿಗೊಂದರಂತೆ ಮೈ ಚೆಲ್ಲಿ ಬಿದ್ದಿರುತ್ತವೆ
ಕಾಲೆಷ್ಟು, ಬಾಲವೆಲ್ಲಿ, ಯಾರದು ಯಾರ ಕಿವಿ
ಒಂದೂ ಲೆಕ್ಕಕ್ಕೆ ಸಿಗದಂತೆ.

ಬೆಳಿಗ್ಗೆ ಸಂಬಳದ ಗೆರೆ.
ಸಂಜೆಯದು ನನ್ನದು:
ಕಿಸೆಯಲ್ಲಿ ಹಿಡಿಯುವ ಪುಸ್ತಕ, ಮೊಂಡು ಪೆನ್ಸಿಲ್ಲು,
ಬಣ್ಣ ಬೇಕೆನಿಸಿದರೆ ಲೋಟದ ತಳದಲ್ಲುಳಿದ ಕಾಫಿ.

ಗುಡ್ಡ ಹತ್ತಿಸುವ ಹಳೇ ಮರದ ಡಬ್ಬಿಗಾಡಿ
ಹಲ್ಲು ಕಚ್ಚಿಕೊಂಡು ಏರುತ್ತದೆ.
ಒಳಗಿರುವ ಏಳೂ ಜನ ಕಿಟಕಿಗೆ ತಿರುಗಿ
ಕಡಲು ನೋಡುತ್ತಾರೆ.
ಹುಟ್ಟಿದಾಗಿನಿಂದ ಕಂಡದ್ದೇ ಕಡಲು. ಆದರೂ.
ಆ ‘ಆದರೂ’ವನ್ನು ಹಿಡಿಯಲು ಹೋಗಿ ಮೂರು ಹಾಳೆ ಕೆಟ್ಟವು.
ಎಂಬತ್ತು ಸೆಕೆಂಡಿನ ಹಾದಿ;
ಹಣೆ ಮುಗಿದು ಮೂಗಿಗೆ ಬರುವಷ್ಟರಲ್ಲಿ ಬಾಗಿಲು ತೆರೆಯುತ್ತದೆ.
ನನ್ನ ಪುಸ್ತಕದ ತುಂಬ
ಮೂಗಿಲ್ಲದ ಊರು.

ಗಿಡಗಳು ವಾಸಿ. ಇಳಿದು ಹೋಗುವುದಿಲ್ಲ.
ಕೊರಕಲಿನ ಇಳಿಜಾರಲ್ಲಿ, ಯಾರೋ ಎಸೆದ ಫ್ರಿಜ್ಜಿನ ಪಕ್ಕ,
ತಾನಾಗಿ ಬೆಳೆದ ಕಾಡು ಸೋಂಪು
ಆಳೆತ್ತರ.
ಅದರ ಮುಂದೆ ಕೂತು ಎದ್ದರೆ
ಬೆರಳಿಗೂ ಪರಿಮಳ, ರಬ್ಬರಿಗೂ ಪರಿಮಳ;
ಆವತ್ತು ಅಳಿಸಿದ್ದೆಲ್ಲ ಸೋಂಪಿನ ವಾಸನೆ.

ಮೀನು ಕೊಯ್ಯುವ ಎಲಿಯೊದೊರೊ
ಬಲಗೈಯ ಎರಡು ಬೆರಳು ಯಾವುದೋ ಹಡಗಿಗೆ ಕೊಟ್ಟವನು.
‘ನನ್ನ ಚಿತ್ರದಲ್ಲಿ ಐದೂ ಹಾಕು’ ಅಂದ.
ಹಾಕಿದೆ.
ತುಂಬ ಹೊತ್ತು ನೋಡಿದ,
ಕನ್ನಡಿಯಲ್ಲಿ ಬೇರೆ ಯಾರೋ ಬಂದು ನಿಂತ ಹಾಗೆ.
‘ಯಾರದಿದು ಕೈ? ಮೂರೇ ಇರಲಿ ಬಿಡು,
ಅನ್ನ ಹುಟ್ಟಿಸೋವು ಅವೇ.’
ಐದು ಬೆರಳಿನ ಹಾಳೆಯಲ್ಲೇ
ನನಗೆ ಅರ್ಧ ಕಿಲೋ ಮೀನು ಸುತ್ತಿಕೊಟ್ಟ.

ಆಮೇಲೆ ಮಂಗಳವಾರ ಬಂತು, ಹಾಳೆ ನಲವತ್ತೊಂದು.
ಮಾರುಕಟ್ಟೆಯ ತಗಡಿನ ಮೇಲೆ ಒಂದು ಪೆಲಿಕನ್,
ಬಾಡಿಗೆ ವಸೂಲಿಗೆ ಬಂದ ಮಾಲೀಕನ ಗತ್ತು.
ಕೊಕ್ಕಿನ ಅರ್ಧಕ್ಕೆ ಬಂದಿದ್ದೆ.
ಮೊದಲು ನಾಯಿಗಳು ಎದ್ದವು. ಎಲ್ಲವೂ. ಒಟ್ಟಿಗೆ.
ಆಗ ಎಣಿಸಿದ್ದರೆ ಕಾಲುಗಳ ಲೆಕ್ಕ ಸಿಗುತ್ತಿತ್ತು.
ನಂತರ ನೆಲ.

ಒಂಬತ್ತು ಸೆಕೆಂಡು.
ಇಲ್ಲಿನವರು ಇದಕ್ಕೆಲ್ಲ ಕೂಗುವುದಿಲ್ಲ;
ಎಲಿಯೊದೊರೊ ತಕ್ಕಡಿಯನ್ನಷ್ಟೇ ಹಿಡಿದುಕೊಂಡ,
ಗಿರಾಕಿ ಹೆಂಗಸು ಅದರ ಮುಳ್ಳಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.
ನನ್ನ ಪೆನ್ಸಿಲು ಮಾತ್ರ
ಕೊಕ್ಕು ಬಿಟ್ಟು, ತಗಡು ಬಿಟ್ಟು, ಕಡಲು ದಾಟಿ
ಹಾಳೆಯ ಅಂಚಿನಾಚೆ
ತೊಡೆಯ ಮೇಲಿನ ಬಟ್ಟೆಗೂ ಹರಿದಿತ್ತು.

ರಬ್ಬರು ತೆಗೆದವಳು ತಡೆದೆ.

ಯಾರಿಗೂ ಹೇಳಿಲ್ಲ.
ಚಳಿಗಾಲದಿಂದ ಈಚೆ ಈ ಕೈ ತಾನೇ ಅದುರುತ್ತದೆ.
ಮೇಲಿನ ಗುಡ್ಡದ ಡಾಕ್ಟರು ಅದಕ್ಕೊಂದು ಹೆಸರು ಕೊಟ್ಟರು,
ನಾನು ಆ ಚೀಟಿಯ ಹಿಂದೆ ಅವರ ಕಿವಿ ಬಿಡಿಸಿಕೊಂಡು ಬಂದೆ.
ಆಮೇಲಿನಿಂದ ಚಿಕ್ಕ ಚಿಕ್ಕ ಗೆರೆ,
ಹೊಲಿಗೆಯ ಹಾಗೆ;
‘ನಿಮ್ಮ ಹೊಸ ಶೈಲಿ ಚೆನ್ನಾಗಿದೆ’ ಎಂದು ಸಂಪಾದಕರು.

ಈಗ ದೀಪದ ಕೆಳಗೆ ಹಾಳೆ ಹಿಡಿದು ಹುಡುಕುತ್ತೇನೆ:
ಇದರಲ್ಲಿ ಭೂಮಿಯದೆಷ್ಟು,
ಒತಿಲಿಯಾ ಎಂಬುವಳದೆಷ್ಟು?
ಗುರುತು ಹತ್ತುವುದಿಲ್ಲ.
ಒಂದು ಕಡೆಯಲ್ಲಂತೂ, ಬೆರಳಗಲ,
ಗೆರೆ ನೂಲು ಹಿಡಿದಂತೆ ನೆಟ್ಟಗಿದೆ.
ಎರಡು ನಡುಕ ಎದುರುಬದುರಾಗಿ
ದಾರಿ ಬಿಟ್ಟುಕೊಂಡವೋ ಏನೋ.

ಪೆಲಿಕನ್ ಕದಲಿರಲಿಲ್ಲ.
ಅದರ ಗಂಟಲ ಚೀಲದಲ್ಲಿ ಮೀನಿನ್ನೂ
ಒಳಗಿನಿಂದ ಒದೆಯುತ್ತಿತ್ತು.
ಅದೊಂದನ್ನು ಬಿಡಿಸಿಲ್ಲ,
ನಾಳೆ ಹೋಗಬೇಕು.