ಮಂಚ ಮೊದಲು

ಮನೆ ಸಿಗುವ ಮುಂಚೆಯೇ ಮಂಚ ಸಿಕ್ಕಿತು.
ಜೂನ್ ಕೊನೆ. ಓದು ಮುಗಿಸಿದ ಹುಡುಗರು
ಹಾಸನ ಬಿಡುವ ಹೊತ್ತು.
ಬಕೆಟ್ಟು ಹದಿನೈದಕ್ಕೆ, ಡ್ರಾಯಿಂಗ್ ಬೋರ್ಡು ಐವತ್ತಕ್ಕೆ,
ನಿಂತ ಗಡಿಯಾರ ಸುಮ್ಮನೆ.
ಪೆನ್‌ಷನ್ ಮೊಹಲ್ಲಾದ ಗೌಸ್ ಪೀರ್ ಸಾಬರು
ಕಬ್ಬಿಣದ ಮಂಚದ ಮೇಲೆ ಕೂತು ಟೀ ಕುಡಿಯುತ್ತಾ
ಅದೇ ಮಂಚಕ್ಕೆ ಎಂಟುನೂರು ಅಂದರು.
ನಾನು ಐನೂರು ಅಂದೆ.
ಲೋಟ ಕೆಳಗಿಟ್ಟು ಎದ್ದು ನಿಂತರು.
ವ್ಯಾಪಾರ ಮುಗಿಯಿತು.

‘ಎಲ್ಲಿಗೆ ಕಳಿಸಲಿ?’
ಆಗ ಹೊಳೆಯಿತು,
‘ಎಲ್ಲಿ’ ಅನ್ನುವುದು ನನ್ನ ಹತ್ತಿರ ಇರಲಿಲ್ಲ.

ಕೆಲಸ ಇತ್ತು, ಎರಡು ದಿನದ್ದು:
ಸಾಲಗಾಮೆ ರಸ್ತೆಯ ಜೆರಾಕ್ಸ್ ಅಂಗಡಿ,
ಕ್ಲಾಸಿಗೆ ಮುಂಚೆ, ಕ್ಲಾಸಾದ ಮೇಲೆ.
ತಿಂಗಳಿಗೆ ಮೂರು ಸಾವಿರ,
ಕೆಟ್ಟ ಪ್ರಿಂಟಿನ ಹಿಂಬದಿ ಹಾಳೆ ಎಷ್ಟು ಬೇಕಾದರೂ.
ಮಾಲೀಕ ಚನ್ನವೀರಣ್ಣ ತಲೆ ಕೆರೆದುಕೊಂಡು
ಮಂಚವನ್ನು ಮೆಷಿನ್ನಿನ ಹಿಂದೆ ನೆಟ್ಟಗೆ ನಿಲ್ಲಿಸಿಕೊಂಡರು.
‘ಒಂದು ವಾರ ಕಣವ್ವ. ಒಂದೇ ವಾರ.’

‘ಮನೆ ಬಾಡಿಗೆಗಿದೆ’ ಅಂತ
ಇಪ್ಪತ್ತು ಪ್ರತಿ ಕೇಳಿದವರಿಗೆ
ಇಪ್ಪತ್ತೊಂದು ತೆಗೆದು ಒಂದನ್ನು ಬ್ಯಾಗಿಗೆ ಸೇರಿಸಿದೆ.
ಬಿಸಿ ಆರುವ ಮುಂಚೆ ಮಡಚಿದ ವಿಳಾಸಗಳು.

ವಿದ್ಯಾನಗರದ ಆಂಟಿ ಗೇಟಿನ ಆಚೆಯಿಂದಲೇ:
ಯಾವೂರು?
ಅರಕಲಗೂಡಿನ ಹತ್ತಿರ.
ಹತ್ತಿರ ಅಂದರೆ?
ಹೇಳಿದೆ.
ಅಪ್ಪನ ಹೆಸರು?
ಹೇಳಿದೆ.
ಅದರಲ್ಲೂ ಸಿಗದಾಗ, ಬೆಲ್ಲದ ದನಿಯಲ್ಲಿ:
‘ನಿಮ್ಮ ಮನೆದೇವರು ಯಾವುದಮ್ಮಾ?’

ಮನೆ ಕೇಳಿಕೊಂಡು ಬಂದವಳ ಹತ್ತಿರ
ಮನೆದೇವರನ್ನು ಕೇಳುತ್ತಾರೆ.

ಹೇಮಾವತಿ ನಗರದಲ್ಲಿ ‘ಈಗಷ್ಟೇ ಹೋಯ್ತಲ್ಲಾ’ ಅಂದ ಮನೆಯ ಬೋರ್ಡು
ಮರುವಾರವೂ ಗಾಳಿಗೆ ಆಡುತ್ತಿತ್ತು.
ಹಾಸನಾಂಬೆಯ ಬಾಗಿಲಾದರೂ ವರ್ಷಕ್ಕೊಮ್ಮೆ ತೆರೆಯುತ್ತೆ,
ದಿನ ಗೊತ್ತು ಮಾಡಿ, ಮೊದಲೇ ಹೇಳಿ.

ಚನ್ನವೀರಣ್ಣನ ಒಂದು ವಾರ ಹತ್ತೊಂಬತ್ತು ದಿನವಾಯಿತು.
ಕೊನೆ ಬಸ್ಸಿಗೆ ಊರು, ಮೊದಲ ಬಸ್ಸಿಗೆ ಹಾಸನ.
ಮಂಚ ಹಾಸನದಲ್ಲಿ ಮಲಗುತ್ತಿತ್ತು,
ನಾನು ಬಸ್ಸಿನಲ್ಲಿ.
ಬಿಡುವಾದಾಗ ಅದರ ಕಾಲಿನ ಒಳಬದಿ ಓದುತ್ತಿದ್ದೆ.
ಮೊಳೆಯಲ್ಲಿ ಕೆರೆದಿತ್ತು: ಮೌನೇಶ, ಸುರಪುರ.
ಅದರ ಕೆಳಗೆ ಬೇರೆ ಕೈಯಲ್ಲಿ: ಮ್ಯಾಥ್ಸ್ ಮೂರನೇ ಸಲ.
ಪಾಸಾದನೋ ಇಲ್ಲವೋ, ಕಬ್ಬಿಣ ಹೇಳಲಿಲ್ಲ.

ಇಸ್ತ್ರಿ ಪುಟ್ಟಸಿದ್ದಮ್ಮ ಆಧಾರ್ ಕಾರ್ಡಿನ ಎರಡೂ ಕಡೆ
ಒಂದೇ ಹಾಳೆಯಲ್ಲಿ ಬೇಕೆಂದು ಬಂದಳು.
‘ಯಾರ್ದೇ ಮಂಚ?’
ನಂದು.
‘ಮಂಚ ಇಲ್ಲಿ. ನೀನೆಲ್ಲಿ?’
ಹೇಳುತ್ತಾ ಹೋದೆ, ಹೇಳಿದ್ದು ಜಾಸ್ತಿಯಾಯಿತು.
‘ನಮ್ಮ ತಾರಸಿ ಮೇಲೊಂದು ರೂಮದೆ.
ನೀರು ದಿನ ಬಿಟ್ಟು ದಿನ. ಎರಡು ಸಾವ್ರ.
ಮೊಬೈಲ್ ಚಾರ್ಜಿಗೆ ಬ್ಯಾರೆ ಐವತ್ತು.’
ಮುಂದಿನ ಪ್ರಶ್ನೆಗೆ ಬೆನ್ನು ಬಿಗಿಹಿಡಿದು ನಿಂತೆ.
ಬಂತು:
‘ರಾತ್ರಿ ಬಟ್ಟೆ ಎಣಿಸಿ ಬರ್ಕೊಡೋಕೆ ಬತ್ತದಾ?’

ಗೂಡ್ಸ್ ಆಟೋ ಬಂತು, ಮೆಟ್ಟಿಲು ಹತ್ತಿಸಿದೆವು,
ಬಾಗಿಲು ಮಂಚಕ್ಕಿಂತ ಅರ್ಧ ಗೇಣು ಕಿರಿದು.
ಬೋಲ್ಟು ತುಕ್ಕು ಹಿಡಿದು ಒಂದಾಗಿತ್ತು.
ಕೊಬ್ಬರಿ ಎಣ್ಣೆ ಬಿಟ್ಟೆವು, ಕಲ್ಲಲ್ಲಿ ಕುಟ್ಟಿದೆವು,
ಗೌಸ್ ಪೀರ್ ಸಾಬರನ್ನು ಬೈದೆವು.
ಅಲುಗಲಿಲ್ಲ.

ಕೊನೆಗೆ ನನ್ನ ಪುಸ್ತಕಗಳು ಒಳಗೆ ಮಲಗಿದವು,
ನಾನೂ ಮಂಚವೂ ಸಿಂಟೆಕ್ಸ್ ಟ್ಯಾಂಕಿನ ಮರೆಯಲ್ಲಿ ಹೊರಗೆ.
ಮಂಗಳೂರಿನ ರೈಲು ಕೂಗಿ ಹೋಯಿತು.
ನಡುರಾತ್ರಿಯ ಸೋನೆಗೆ ಎಚ್ಚರವಾದರೂ ಏಳಲಿಲ್ಲ,
ಇಷ್ಟು ದಿನದ ಮೇಲೆ ಸಿಕ್ಕ ಜಾಗ
ಎದ್ದರೆ ಹೋದೀತು ಅಂತ.

ಬೆಳಗ್ಗೆ ಪುಟ್ಟಸಿದ್ದಮ್ಮ ಕೆಂಡದ ಪೆಟ್ಟಿಗೆ ಹಿಡಿದು ಮೇಲೆ ಬಂದು
ಒದ್ದೆ ಹೊದಿಕೆಯನ್ನು ಮಂಚದ ಮೇಲೇ ಹರವಿ
ಇಸ್ತ್ರಿ ಎಳೆದಳು. ಹಬೆ ಎದ್ದಿತು,
ಸುಟ್ಟ ತೆಂಗಿನ ಚಿಪ್ಪಿನ ವಾಸನೆ.
‘ಇದಕ್ಕೆಷ್ಟವ್ವಾ?’ ಅಂದೆ.
ತಲೆ ಎತ್ತದೆ ಅಂದಳು,
‘ಲೆಕ್ಕದವಳು ನೀನಲ್ವಾ, ಬರ್ಕೊ.’