ಗೀರಿದ್ದದ್ದು ಮೊದಲು

ಓನೊಮಿಚಿಯಲ್ಲಿ ದೋಣಿಕಟ್ಟೆಯ ಎದುರಿಗೆ ನಮ್ಮ ಔಷಧದಂಗಡಿ.
ನಾಲ್ಕನೇ ಕಪಾಟು ನನ್ನ ಪಾಲಿನದು.
ಶಾಂಪೂ, ಕಂಡೀಷನರ್, ಅವಳಿ ಮಕ್ಕಳ ಹಾಗೆ
ಒಂದೇ ಅಂಗಿ ತೊಟ್ಟು ನಿಂತಿರುತ್ತವೆ.
ಒಣಗಿದ್ದಕ್ಕೆ, ಜಿಡ್ಡಿನದಕ್ಕೆ, ಬಣ್ಣ ಹಚ್ಚಿದ್ದಕ್ಕೆ,
ವಯಸ್ಸಾದದ್ದಕ್ಕೆ.
ಇದೊಂದನ್ನು ಮಾತ್ರ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಯಾಸೋಜಿ ಬಂದದ್ದು ಒಂದು ಮಂಗಳವಾರ.
ಹಡಗಿಗೆ ನಲವತ್ತು ವರ್ಷ ಬೆಸುಗೆ ಹಾಕಿದ ಕೈ,
ತಲೆ ಮಾತ್ರ ಬೆಳಗಿ ಬೋರಲಿಟ್ಟ ಬೋಗುಣಿ.
"ನಂಬುವಂಥದ್ದು ಯಾವುದಮ್ಮ?"
ಯಾರಿಗೆ ಎಂದು ಕೇಳಬೇಕಿತ್ತು ನಾನು.
ಕೇಳದೆ ಅವನ ತಲೆಯನ್ನೇ ನೋಡಿಬಿಟ್ಟೆ.
"ಇದಕ್ಕಲ್ಲ," ಎಂದು ನಕ್ಕ, "ಇದಕ್ಕೆ ಒದ್ದೆ ಬಟ್ಟೆ ಸಾಕು."

ಹೆಂಡತಿಗೆ. ಫುಕಿ ಅಂತ ಹೆಸರು.
ಸೊಂಟದವರೆಗೆ ಕೂದಲು, ಕತ್ತರಿ ಕಂಡರೆ ಕೂಗುತ್ತಾಳೆ.
ಈಗ ಕೈ ಮೇಲೇಳುವುದಿಲ್ಲ.
ಕೆಲವು ದಿನ ಊರಿನ ಹೆಸರು ಮರೆಯುತ್ತದೆ,
ಕೆಲವು ದಿನ ಅವನದು.
ಮೂರು ತಿಂಗಳಿಂದ ತೊಳೆಯುತ್ತಿದ್ದಾನೆ,
ತೊಳೆದಷ್ಟೂ ಜಿಡ್ಡು.

ಜೇಬಿನಿಂದ ರಸೀದಿ ತೆಗೆದ. ನೋಡಿದೆ.
ಎರಡೂ ಕಂಡೀಷನರ್.
ಮೂರು ತಿಂಗಳೂ ಎರಡೂ ಕಂಡೀಷನರ್!
ಬೆಸುಗೆಯ ಬೆಳಕು ತಿಂದ ಕಣ್ಣಿಗೆ
ಅವಳಿಗಳಲ್ಲಿ ಅಕ್ಕ ಯಾರು ತಂಗಿ ಯಾರು?

"ಕಣ್ಣು ಮುಚ್ಚಿ," ಅಂದೆ. "ಪಕ್ಕೆ ಸವರಿ.
ಸಾಲಾಗಿ ಗೀರು ಸಿಕ್ಕಿತೇ? ಅದು ಶಾಂಪೂ.
ಗೀರಿದ್ದದ್ದು ಮೊದಲು, ಬೆರಳ ತುದಿಯಿಂದ, ಬುಡಕ್ಕೆ.
ನುಣುಪಿನದು ಆಮೇಲೆ,
ಕಿವಿಯಿಂದ ಕೆಳಗೆ ಮಾತ್ರ."
ಅಂಗಡಿಯ ನಡುವೆ ಕಣ್ಣು ಮುಚ್ಚಿ ನಿಂತು
ಒಂದೊಂದೇ ಬಾಟಲಿಯ ಪಕ್ಕೆಲುಬು ಎಣಿಸಿದ.
"ಒಳ್ಳೆ ಕೆಲಸ," ಎಂದ, "ಯಾರೋ ಯೋಚಿಸಿ ಮಾಡಿದ್ದಾರೆ."

ಯಾವುದು ಎಂಬ ಪ್ರಶ್ನೆ ಹಾಗೇ ಉಳಿದಿತ್ತು.
ದುಬಾರಿಯದನ್ನು ತೋರಿಸಬಹುದಿತ್ತು, ಅದು ನನ್ನ ನೌಕರಿ.
ಮುಂದಿನ ಚಿತ್ರ ನೋಡಬೇಡಿ,
ಆ ಹುಡುಗಿಯ ಕೂದಲು ಹುಟ್ಟಿನಿಂದಲೇ ಹಾಗಿದೆ.
ಹಿಂದಿನ ಬರಹ ಓದಿ, ಅಂದೆ. ಓದಲಾರ, ಮರೆತೆ.
"ಮನೆಯಲ್ಲಿ ಅವರ ಹಳೇ ಬಾಟಲಿ ಇದೆಯೇ, ಖಾಲಿಯದು?"

ಮರುದಿನ ತಂದ, ಮೀನಿನ ಹಾಗೆ ಪತ್ರಿಕೆಯಲ್ಲಿ ಸುತ್ತಿ,
ಇನ್ನೂರ ಹದಿನೇಳು ಮೆಟ್ಟಿಲು ಇಳಿದು.
ಶಿರಾಹೊ. ಕೆಳಗಿನ ಸಾಲಿನ ಅಗ್ಗದ ಮಾಲು.
ನೊರೆ ಕಡಿಮೆ, ಕಮೀಲಿಯಾ ಎಣ್ಣೆಯ ಮಂದ ವಾಸನೆ,
ಯಾರೂ ತಿರುಗಿ ನೋಡುವುದಿಲ್ಲ.
ಆ ವಾರ ಫುಕಿ ಬಚ್ಚಲಲ್ಲಿ ಹಾಡಿದಳಂತೆ.
ಏನು ಹಾಡು ಎಂದೆ.
ಪದ ಇರಲಿಲ್ಲ, ಎಂದ.

ಶರತ್ಕಾಲಕ್ಕೆ ಕಂಪನಿಯವರು ಮುಚ್ಚಳ ಬದಲಿಸಿದರು,
ಹೊಸದು! ಇನ್ನೂ ಉತ್ತಮ!
ಒಳಗೆ ಗುಲಾಬಿ.
ಫುಕಿ ಅವನ ಮಣಿಕಟ್ಟು ಹಿಡಿದು ದೂಡಿದಳು:
"ನೀನಲ್ಲ. ದಿನಾ ತೊಳೆಯುವವನನ್ನು ಕರಿ."

ಇದನ್ನು ಹೇಳುವಾಗ ಯಾಸೋಜಿ ಅಳಲಿಲ್ಲ.
ಗುಲಾಬಿಯ ಬಾಟಲಿಯನ್ನು ಮೇಜಿನ ಮೇಲಿಟ್ಟು
ಹಣ ವಾಪಸ್ಸು ಬೇಡ ಎಂದ, ಅಷ್ಟೆ.

ಮಿಹಾರಾಕ್ಕೆ ಫೋನು ಮಾಡಿದೆ. ಫುಕುಯಾಮಾಕ್ಕೆ.
ಇನ್ನೋಶಿಮಾ ದ್ವೀಪದ ಗೋದಾಮಿನಲ್ಲಿ
ಹಳೆಯ ಶಿರಾಹೊ ಹನ್ನೊಂದು ಪೊಟ್ಟಣ,
ತುಂಬಿಸಿಕೊಳ್ಳುವಂಥವು, ಧೂಳು ಹಿಡಿದು.
ಶನಿವಾರದ ದೋಣಿಗೆ ಬಂದವು.

ತಿಂಗಳಿಗೊಂದು. ಬೆರಳು ಮಡಚಿ ಲೆಕ್ಕ ಹಾಕಿದ,
ಯಾವುದೋ ಒಂದು ಬೆರಳಿನ ಹತ್ತಿರ ನಿಂತ.
ಆಮೇಲೆ ಒಂದು ಪೊಟ್ಟಣ ನನ್ನ ಕಡೆಗೆ ಸರಿಸಿದ:
"ಹತ್ತು ಸಾಕು. ಇನ್ಯಾರಾದರೂ ಹುಡುಕಿಕೊಂಡು ಬಂದರೆ?"

ಅವನ ಚೀಟಿಯಲ್ಲಿ ಮುದ್ರೆಗಳು ತುಂಬಿದ್ದವು.
ಉಚಿತ ಬಾಚಣಿಗೆ. ಕೊಡಲೋ ಬೇಡವೋ ಎಂದು ತಡವರಿಸಿದೆ.
ಇಸಕೊಂಡು ಹರೆಯದವನ ಹಾಗೆ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ,
ಹಲ್ಲು ಹೊರಗೆ ಕಾಣುವಂತೆ.

ಆ ಒಂದು ಪೊಟ್ಟಣವನ್ನು ನಾನು ಕಪಾಟಿಗೆ ಇಟ್ಟಿಲ್ಲ.
ಗಲ್ಲಾದ ಕೆಳಗಿದೆ, ಛತ್ರಿಯ ಪಕ್ಕ.
ಯಾರೂ ಕೇಳಿಕೊಂಡು ಬಂದಿಲ್ಲ, ಇನ್ನೂ.